ಕೆಸರಾದದ್ದು ಯಾರ ಕೈ?

ಗಣೇಶನ ಹಬ್ಬದ ಊಟ ಮುಗಿಸಿ ಗಂಡಸರು ಕ್ಯಾಲಿಫೋರ್ನಿಯಾದ ಸನಿವೇಲ್‌ನ ನಮ್ಮ ಹಿತ್ತಲಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಎಲೆ ಅಡಿಕೆ ತಟ್ಟೆ ಇಡಲು ಹೋದಾಗ ಕಿವಿಗೆ ಬಿದ್ದ ಮಾತು ಇದು: “ನೋಡಿ ಸ್ವಾಮಿ, ಬಿಟ್ಟಿ ಭಾಗ್ಯ ಇಲ್ಲಿಗೂ ಬಂತು. ಬಸುರಿಯರಿಗೆ ತಿಂಗಳಿಗೆ ಸಾವಿರ ಡಾಲರ್, ಅನಾಥ ಹುಡುಗರಿಗೆ ಸಾವಿರ ಡಾಲರ್. ದುಡಿಯೋದು ನಾವು, ಟ್ಯಾಕ್ಸ್ ಕಟ್ಟೋದು ನಾವು.” ಸುತ್ತ ಇದ್ದವರು ನಕ್ಕರು. ಒಬ್ಬರು ಕೈ ಕೆಸರಾದರೆ ಬಾಯಿ ಮೊಸರು ಎಂದರು. ಇನ್ನೊಬ್ಬರು ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದರು. ಗಾದೆ ಬಿತ್ತು ಅಂದರೆ ನಮ್ಮವರಲ್ಲಿ ಚರ್ಚೆ ಮುಗಿದ ಹಾಗೆ. ನಾನು ತಟ್ಟೆ ಇಟ್ಟು ಒಳಗೆ ಬಂದುಬಿಟ್ಟೆ. ಆವತ್ತು ಬಾಯಿ ಮುಚ್ಚಿಕೊಂಡ ತಪ್ಪಿಗೆ ಇವತ್ತು ಬರೆಯುತ್ತಿದ್ದೇನೆ. ಮೆತ್ತಗೆ ಬರೆಯುವ ಮನಸ್ಸಿಲ್ಲ.

ಅವರು ನಕ್ಕದ್ದು ಯಾವುದಕ್ಕೆ ಎಂದು ಮೊದಲು ಹೇಳಬೇಕು, ಯಾಕೆಂದರೆ ನಕ್ಕವರಲ್ಲಿ ಒಬ್ಬರಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. 2020ರ ಜೂನ್‌ನಲ್ಲಿ, ಕೋವಿಡ್‌ಗೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ನಾವು ಮನೆ ಕಟ್ಟಿಕೊಂಡಿರುವ ಇದೇ ಸಾಂಟಾ ಕ್ಲಾರಾ ಕೌಂಟಿ, ಸರ್ಕಾರವೇ ಮಕ್ಕಳನ್ನು ಬೇರೆಯವರ ಮನೆಯಲ್ಲಿ ಇರಿಸಿ ಬೆಳೆಸುವ ಫಾಸ್ಟರ್ ಕೇರ್‌ನಿಂದ ಹೊರಗೆ ಬಂದ 72 ಹುಡುಗ ಹುಡುಗಿಯರಿಗೆ ತಿಂಗಳಿಗೆ 1,000 ಡಾಲರ್ ಕೊಡಲು ಶುರುಮಾಡಿತು. ಷರತ್ತು ಇಲ್ಲ, ಖರ್ಚಿನ ಲೆಕ್ಕ ಒಪ್ಪಿಸುವುದಿಲ್ಲ. ವರ್ಷಕ್ಕೆಂದು ಶುರುವಾದದ್ದು ಆಮೇಲೆ ಕೆಲವು ತಿಂಗಳು ಮುಂದುವರಿಯಿತು. ಇಂಥ ಮಕ್ಕಳಿಗೆಂದೇ ಮಾಡಿದ ಯೋಜನೆ ಅಮೆರಿಕದಲ್ಲಿ ಅದೇ ಮೊದಲು. ಅದನ್ನು ಮುಂದಿಟ್ಟ ಕೌಂಟಿ ಮಂಡಳಿಯ ಸದಸ್ಯ ಡೇವ್ ಕೋರ್ಟೇಸಿ ಆಮೇಲೆ ರಾಜ್ಯದ ಸೆನೆಟ್‌ಗೆ ಹೋದರು. 2021ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಇದೇ ಬಗೆಯ ಪ್ರಯೋಗಗಳಿಗೆ ಮೂರೂವರೆ ಕೋಟಿ ಡಾಲರ್ ತೆಗೆದಿಟ್ಟು, ಬಸುರಿಯರಿಗೂ ಫಾಸ್ಟರ್ ಕೇರ್ ಮುಗಿಸಿದ ಯುವಜನರಿಗೂ ಆದ್ಯತೆ ಎಂದಿತು. ಸೆನೆಟ್‌ನಲ್ಲಿ ಮತ 36–0, ಅಸೆಂಬ್ಲಿಯಲ್ಲಿ 64–0. ಎಲ್ಲದಕ್ಕೂ ಕಚ್ಚಾಡುವ ಎರಡು ಪಕ್ಷಗಳಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಬೇಡ ಎಂದದ್ದು ನಮ್ಮ ಹಿತ್ತಲಿನ ಹೋಳಿಗೆ ಊಟದವರು. ಆ ವರ್ಷದ ರಾಜ್ಯ ಬಜೆಟ್ 262 ಬಿಲಿಯನ್ ಡಾಲರ್ ದಾಟಿತ್ತು. ಅದನ್ನು ಸಾವಿರ ರೂಪಾಯಿ ಅಂದುಕೊಂಡರೆ ಈ ಯೋಜನೆಗೆ ಬಿದ್ದದ್ದು ಹದಿಮೂರು ಪೈಸೆ. ಅದೂ ಹಲವು ವರ್ಷಕ್ಕೆ ಹಂಚಿ.

ಈ ಹದಿಮೂರು ಪೈಸೆಗೆ ಗಾದೆ ಹೇಳಿದ ಬಾಯಿಗಳ ಹಿಂದಿನ ಕಥೆ ನನಗೆ ಗೊತ್ತು. ಯಾಕೆಂದರೆ ಅದು ನನ್ನದೂ ಹೌದು.

2001ರ ಚಳಿಗಾಲದಲ್ಲಿ ನನಗೆ ಮೊದಲ ಹೆರಿಗೆ. ಅರಸೀಕೆರೆಯಿಂದ ಅಮ್ಮ ಬಂದಳು, ಮೂವತ್ತೆರಡು ಕಿಲೋದ ಎರಡು ಸೂಟ್‌ಕೇಸ್ ಹೊತ್ತು. ಒಂದರಲ್ಲಿ ಅವಳ ಆರು ಸೀರೆ ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಬಾಣಂತನದ ಸಾಮಾನು. ಕೊಬ್ಬರಿ, ಅಂಟು, ಉತ್ತುತ್ತೆ, ಬಜೆ ಬೇರು, ಜಾಯಿಕಾಯಿ, ಅಪ್ಪನ ಹಳೇ ಪಂಚೆ ಹರಿದು ಹೊಲಿದ ಮಗುವಿನ ಬಟ್ಟೆ. ಕಸ್ಟಮ್ಸ್‌ನವನು ಅಂಟನ್ನು ಬೆರಳಲ್ಲಿ ಒತ್ತಿ, ಮೂಸಿ, ಇದೇನೆಂದು ಕೇಳಿದನಂತೆ. ಅಮ್ಮ ಕನ್ನಡದಲ್ಲೇ “ಬಾಣಂತಿಗೆ ಕಣಪ್ಪ” ಎಂದಳಂತೆ. ಅವನು ಬಿಟ್ಟ. ಆರು ತಿಂಗಳು ಅಮ್ಮ ಇಲ್ಲಿದ್ದಳು. ಎಣ್ಣೆ ಒತ್ತಿ, ಬಿಸಿನೀರು ಹುಯ್ದು, ಸೊಂಟಕ್ಕೆ ಬಟ್ಟೆ ಬಿಗಿದು, ಸಾಂಬ್ರಾಣಿ ಹಾಕಿ ತಲೆ ಒಣಗಿಸಿದಳು. ಆ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಬಡಿದುಕೊಂಡು ಪಕ್ಕದ ಮನೆಯವರು ಚಪ್ಪಲಿ ಇಲ್ಲದೆ ಹೊರಗೆ ಓಡಿದ್ದುಂಟು. ರಾತ್ರಿ ಮಗು ಅತ್ತರೆ ಎದ್ದದ್ದು ಅವಳು, ಮಲಗಿದ್ದು ನಾನು. ಟಿಕೆಟ್‌ಗೆ ಅಪ್ಪ ತನ್ನ ಪಿಎಫ್ ಹಣ ತೆಗೆದಿದ್ದರು.

ಇದಕ್ಕೆ ನಾನು ಯಾವ ಅರ್ಜಿ ತುಂಬಿದ್ದೆ? ಆದಾಯ ಪ್ರಮಾಣಪತ್ರ ಕೊಟ್ಟಿದ್ದೆನೆ? ಅಂಟಿನುಂಡೆಯನ್ನು ಸರಿಯಾಗಿ ಬಳಸಿದೆ ಎಂದು ಯಾರಿಗಾದರೂ ರಸೀದಿ ತೋರಿಸಿದೆನೆ? ಈ ಊರಲ್ಲಿ ಬಾಣಂತಿ ಆರೈಕೆಗೆ ಗಂಟೆಗೆ ನಲವತ್ತು ಡಾಲರ್ ಕೊಟ್ಟರೆ ಅಗ್ಗ. ದಿನಕ್ಕೆ ಎಂಟು ಗಂಟೆ, ಆರು ತಿಂಗಳು ಎಂದು ಲೆಕ್ಕ ಹಾಕಿ. ಐವತ್ತು ಸಾವಿರ ಡಾಲರ್ ದಾಟುತ್ತದೆ. ಅಷ್ಟನ್ನು ನಾನು ಬಿಟ್ಟಿ ಉಂಡೆ. ಆ ಹಿತ್ತಲಲ್ಲಿ ಕೂತಿದ್ದ ಒಬ್ಬೊಬ್ಬರ ಮನೆಯಲ್ಲೂ ಹೀಗೇ ಒಂದೋ ಎರಡೋ ಸಲ ಉಂಡಿದ್ದಾರೆ, ತಾಯಿ ಹಿಂದಿರುಗಿದ ಮೇಲೆ ಅತ್ತೆ ಬಂದದ್ದೂ ಉಂಟು.

ಅವರು ನಕ್ಕ “ಬಸುರಿಯರ ಸಾವಿರ ಡಾಲರ್” ಇದು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಬಂಡೆಂಟ್ ಬರ್ತ್ ಪ್ರಾಜೆಕ್ಟ್ ಎಂದು ಒಂದನ್ನು 2020ರಲ್ಲಿ ಘೋಷಿಸಿದರು. ಸುಮಾರು 150 ಕಪ್ಪು ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ಬಸುರಿಯರಿಗೆ ತಿಂಗಳಿಗೆ ಸಾವಿರ ಡಾಲರ್, ಬಸುರಿನುದ್ದಕ್ಕೂ, ಹೆರಿಗೆಯಾದ ಮೇಲೆ ಆರು ತಿಂಗಳು. ನಮ್ಮ ಅಮ್ಮಂದಿರ ವೀಸಾ ಲೆಕ್ಕವೂ ಆರೇ ತಿಂಗಳು, ಆಕಸ್ಮಿಕವಾಗಿ. ಅವರಿಗೇ ಯಾಕೆ ಎಂದು ಕೇಳುವವರಿಗೆ: ಆ ನಗರದಲ್ಲಿ ಕಪ್ಪು ತಾಯಂದಿರ ಕೂಸುಗಳು ದಿನ ತುಂಬುವ ಮೊದಲೇ ಹುಟ್ಟುವುದು ಬಿಳಿಯರ ಮನೆಗಳಿಗಿಂತ ಸುಮಾರು ಎರಡು ಪಟ್ಟು. ಇಡೀ ದೇಶದಲ್ಲಿ ಬಸುರು ಬಾಣಂತನದ ಕಾರಣಕ್ಕೆ ಸಾಯುವ ಕಪ್ಪು ಹೆಂಗಸರ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ಈ ಶ್ರೀಮಂತ ದೇಶದ ಕಾನೂನು ಬಾಣಂತಿಗೆ ಕೊಡುವುದು 1993ರಿಂದ ಹನ್ನೆರಡು ವಾರದ ರಜೆ, ಸಂಬಳ ಇಲ್ಲದೆ. ಅದೂ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ, ವರ್ಷ ತುಂಬ ಕೆಲಸ ಮಾಡಿದವಳಿಗೆ. ಕ್ಯಾಲಿಫೋರ್ನಿಯಾ ತನ್ನ ವಿಮೆಯಿಂದ ಒಂದಷ್ಟು ವಾರ ಸಂಬಳದ ಭಾಗ ಕೊಡುತ್ತದೆ, ಒಪ್ಪೋಣ. ಆದರೆ ಸಂಬಳವೇ ನೆಟ್ಟಗೆ ಇಲ್ಲದವಳಿಗೆ ಅದರ ಭಾಗ ಎಷ್ಟಾದೀತು? ಎಂಟನೇ ತಿಂಗಳಲ್ಲಿ ಬಾಡಿಗೆ ಕಟ್ಟಲಾಗದೆ ಕಾರಿನಲ್ಲಿ ಮಲಗಿದ ಹೆಂಗಸಿಗೆ ಯಾವ ಕಸ್ಟಮ್ಸ್ ದಾಟಿ ಅಂಟು ಬರಬೇಕು?

ಇನ್ನು “ಅನಾಥ ಹುಡುಗರು.” ಅವರಲ್ಲಿ ಬಹಳ ಮಂದಿ ಅನಾಥರಲ್ಲ ಅನ್ನುವುದು ಮೊದಲ ಮಾತು. ಹೆತ್ತವರು ಸಾಕಲಾರರು, ಅಥವಾ ಅವರ ಕೈಯಲ್ಲಿ ಬಿಡಬಾರದು ಎಂದು ನ್ಯಾಯಾಲಯ ತೀರ್ಮಾನಿಸಿದ ಮೇಲೆ ಸರ್ಕಾರ ಆ ಮಕ್ಕಳನ್ನು ಕರೆದೊಯ್ದು ಬೇರೆಯವರ ಮನೆಯಲ್ಲಿ ಇರಿಸಿ ಬೆಳೆಸುತ್ತದೆ. ಅಂದರೆ ಸರ್ಕಾರವೇ ಅಪ್ಪ, ಸರ್ಕಾರವೇ ಅಮ್ಮ. ಹಿಂದೆ ಹದಿನೆಂಟಕ್ಕೆ ಈ ಅಪ್ಪ ಅಮ್ಮ ಕೈ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾ 2010ರ ಕಾನೂನಿನಿಂದ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಬೇರೆ ಮಕ್ಕಳಿಗೆ ಕೇಕು, ಇವರಿಗೆ ಫೈಲು ಮುಚ್ಚಿದ ಕಾಗದ.

ವಾರಕ್ಕೊಂದು ಸಂಜೆ ನಾನು ಕಮ್ಯುನಿಟಿ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಅಲ್ಲಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲ ಹಿಡಿದು ಬಂದು ಮೇಜಿನ ಕೆಳಗೆ ಇಟ್ಟಳು. ಕಸ ಎಸೆಯಲು ಮರೆತಿದ್ದಾಳೆ ಎಂದುಕೊಂಡು ಡಬ್ಬ ಅಲ್ಲಿದೆ ಎಂದು ತೋರಿಸಿದೆ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದು ಅವಳ ಬಟ್ಟೆ. ಫಾಸ್ಟರ್ ಮಕ್ಕಳು ಮನೆಯಿಂದ ಮನೆಗೆ ಹೋಗುವಾಗ ಸಾಮಾನು ಹೀಗೆ ಕಸದ ಚೀಲದಲ್ಲೇ ಸಾಗುವುದು ಇಲ್ಲಿ ಎಷ್ಟು ಮಾಮೂಲು ಎಂದರೆ, ಅವರಿಗೆ ಬ್ಯಾಗು ಹಂಚುವುದೇ ಕೆಲಸವಾದ ಸಂಸ್ಥೆಗಳಿವೆ. ಆವತ್ತು ಅವಳು ಗೆಳತಿಯ ಸೋಫಾ ಬಿಟ್ಟು ಇನ್ನೊಬ್ಬರ ಸೋಫಾಕ್ಕೆ ಹೊರಟಿದ್ದಳು. ಮುಂದಿನ ವಾರ ನಾನು ಗ್ಯಾರೇಜಿನಲ್ಲಿದ್ದ ಅಮ್ಮನ ಹಳೆಯ ಸೂಟ್‌ಕೇಸ್ ಒರೆಸಿ ತಂದುಕೊಟ್ಟೆ. ಕೊಟ್ಟು, ಏನೋ ದೊಡ್ಡ ಕೆಲಸ ಮಾಡಿದವಳ ಹಾಗೆ ನಿಂತೆ. ಅವಳು ಅದನ್ನು ಎತ್ತಿ ನೋಡಿ, “ಥ್ಯಾಂಕ್ಸ್ ಮಿಸ್, ಇದನ್ನ ಇಡೋಕೆ ಜಾಗ ಎಲ್ಲಿದೆ?” ಎಂದಳು. ಒಂದು ಬೆಡ್‌ರೂಮಿನ ಮನೆಗೆ ಎರಡೂವರೆ ಸಾವಿರ ಡಾಲರ್ ಕೇಳುವ ಊರು ಇದು. ಅವಳಿಗೆ ಬೇಕಿದ್ದದ್ದು ಬಾಡಿಗೆ, ನಾನು ಕೊಟ್ಟದ್ದು ನನ್ನ ಗ್ಯಾರೇಜಿನ ಕಸ. ನನ್ನ ನೆಮ್ಮದಿಯೂ ಆ ಹಿತ್ತಲಿನ ನಗುವಿನ ಜಾತಿಯದೇ ಎಂದು ಆಗ ತಿಳಿಯಿತು.

ನಮ್ಮವರದೂ ಇದೇ: ದೀಪಾವಳಿಗೆ ಡಬ್ಬಿ ಆಹಾರ ಸಂಗ್ರಹ, ಡಿಸೆಂಬರಿಗೆ ಆಟಿಕೆ ಸಂಗ್ರಹ, ಬ್ಯಾನರ್ ಹಿಡಿದ ಫೋಟೋ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಡವಾದದ್ದನ್ನು ಕೊಟ್ಟು ಪುಣ್ಯ ಬರೆಸಿಕೊಳ್ಳುವುದರಲ್ಲಿ ನಾವು ಪಳಗಿದ್ದೇವೆ.

ನನ್ನ ಮಗನಿಗೆ ಈಗ ಇಪ್ಪತ್ತನಾಲ್ಕು. ಲಾಸ್ ಏಂಜಲೀಸ್‌ನಲ್ಲಿ ಕೆಲಸ. ಅವನ ಫೋನ್ ಬಿಲ್ಲು ನಮ್ಮದು, ಕಾರಿನ ವಿಮೆ ನಮ್ಮದು, ಮನೆ ಹಿಡಿದಾಗ ಅಡ್ವಾನ್ಸ್ ಕೊಟ್ಟವರೂ ನಾವೇ. ಹೋದ ವರ್ಷ ಕೆಲಸ ಹೋಗಿ ನಾಲ್ಕು ತಿಂಗಳು ಇಲ್ಲೇ ಬಂದು ಇದ್ದ, ಬೆಳಿಗ್ಗೆ ಹನ್ನೊಂದಕ್ಕೆ ಎದ್ದು ಉಪ್ಪಿಟ್ಟು ತಿಂದ. ಅವನು ಸೋಮಾರಿಯಾದಾನು ಎಂದು ಹಿತ್ತಲಿನವರಲ್ಲಿ ಯಾರೂ ನನಗೆ ಗಾದೆ ಹೇಳಲಿಲ್ಲ. “ಹುಡುಗ ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ” ಎಂದರು. ಈ ದೇಶದ ಕಾನೂನಿಗೂ ಇದು ಗೊತ್ತು. ಕಾಲೇಜಿನ ನೆರವಿಗೆ ಅರ್ಜಿ ಹಾಕಿದರೆ ಇಪ್ಪತ್ತನಾಲ್ಕರವರೆಗೆ ಸಾಮಾನ್ಯವಾಗಿ ಅಪ್ಪ ಅಮ್ಮನ ಆದಾಯ ಕೇಳುತ್ತಾರೆ. ಆರೋಗ್ಯ ವಿಮೆಯಲ್ಲಿ ಇಪ್ಪತ್ತಾರರವರೆಗೆ ಹೆತ್ತವರ ಜೊತೆ ಇರಬಹುದು. ಅಲ್ಲಿಯವರೆಗೆ ಮಕ್ಕಳು ತಮ್ಮ ಕಾಲ ಮೇಲೆ ನಿಂತಿರುವುದಿಲ್ಲ ಎಂಬುದನ್ನು ಕಾನೂನೇ ಬರೆದಿಟ್ಟಿದೆ. ಹಾಗಿದ್ದ ಮೇಲೆ ಸರ್ಕಾರ ತಾನು ಬೆಳೆಸಿದ ಮಗುವಿಗೆ ತಿಂಗಳಿಗೆ ಸಾವಿರ ಡಾಲರ್ ಕಳಿಸಿದರೆ ಅದು ಭಿಕ್ಷೆ ಹೇಗಾಯಿತು? ಅಪ್ಪ ಎನ್ನಿಸಿಕೊಂಡವನು ಮಾಡುವ ಕೆಲಸ ಅದು, ಅದೂ ತಡವಾಗಿ, ಅದೂ 72 ಮಕ್ಕಳಿಗೆ.

ಟ್ಯಾಕ್ಸ್ ಕಟ್ಟುವವರು ನಾವು ಎಂಬ ಮಾತಿಗೆ ಬರೋಣ. 2021ರ ಜುಲೈನಿಂದ ಡಿಸೆಂಬರ್‌ವರೆಗೆ ನಮ್ಮ ಬ್ಯಾಂಕಿನ ಖಾತೆಗೆ ಪ್ರತಿ ತಿಂಗಳ ಮಧ್ಯದಲ್ಲಿ 167 ಡಾಲರ್ ಬಂದು ಬೀಳುತ್ತಿತ್ತು. ಚಿಕ್ಕ ಮಗಳಿಗೆ ಆಗ ಹದಿನೈದು. ಮಕ್ಕಳಿರುವವರಿಗೆ ಕೇಂದ್ರ ಸರ್ಕಾರ ಕೊಡುವ ತೆರಿಗೆ ವಿನಾಯಿತಿಯ ಮುಂಗಡ ಅದು. ಗಂಡ ಹೆಂಡತಿ ಸೇರಿ ನಾಲ್ಕು ಲಕ್ಷ ಡಾಲರ್ ದುಡಿಯುವವರಿಗೂ ಒಂದು ಮಗುವಿಗೆ ಅಷ್ಟು ಬಂತು, ಬಡವರಿಗೆ 250ರಿಂದ 300. ಎರಡು ಮಕ್ಕಳಿದ್ದ ನಮ್ಮ ಪರಿಚಯದ ಎಂಜಿನಿಯರ್‌ಗಳಿಗೆ ತಿಂಗಳಿಗೆ 333 ಡಾಲರ್. ಯಾರೂ ಅರ್ಜಿ ಹಾಕಿರಲಿಲ್ಲ. ಯಾರೂ ವಾಪಸ್ ಕಳಿಸಲೂ ಇಲ್ಲ. ಬಿಟ್ಟಿ ಭಾಗ್ಯ ಎಂದು ಒಬ್ಬರೂ ನಗಲಿಲ್ಲ. ಅದೇ ಹಣ ಬಡವರ ಮನೆಯಲ್ಲಿ ಏನು ಮಾಡಿತು ಎಂದರೆ, ಆ ವರ್ಷ ಅಮೆರಿಕದ ಮಕ್ಕಳ ಬಡತನ 5.2 ಶೇಕಡಕ್ಕೆ ಇಳಿಯಿತು. ಮರುವರ್ಷ ಯೋಜನೆ ನಿಂತಿತು, 12.4 ಶೇಕಡಕ್ಕೆ ಏರಿತು. ಸಮೀಕ್ಷೆಗಳಲ್ಲಿ ಇಷ್ಟು ನೇರವಾದ ಪಾಠ ಸಿಗುವುದು ಕಡಿಮೆ. ಅದನ್ನು ಓದಿ ಮಡಚಿಟ್ಟರು.

“ದುಡ್ಡು ಕೊಟ್ಟರೆ ಕುಡಿದು ಹಾಳುಮಾಡ್ತಾರೆ.” ಇದನ್ನು ಹೇಳಿದವರು ಆವತ್ತು ಎರಡನೇ ಗ್ಲಾಸ್ ವೈನ್ ಕೈಯಲ್ಲಿ ಹಿಡಿದಿದ್ದರು. (ಗಣೇಶ ಒಳಗೆ ಇದ್ದ, ಅವನಿಗೆ ಕಾಣುತ್ತಿರಲಿಲ್ಲ.) ನಮ್ಮಲ್ಲಿಂದ ಒಂದೂವರೆ ಗಂಟೆ ದಾರಿಯ ಸ್ಟಾಕ್‌ಟನ್‌ನಲ್ಲಿ ಮೇಯರ್ ಮೈಕೆಲ್ ಟಬ್ಸ್ 2019ರಲ್ಲಿ 125 ಜನರಿಗೆ ತಿಂಗಳಿಗೆ 500 ಡಾಲರ್ ಕೊಡುವ ಪ್ರಯೋಗ ಶುರುಮಾಡಿದರು. ಲೆಕ್ಕ ಸಿಕ್ಕ ಖರ್ಚಿನಲ್ಲಿ ಹೆಂಡ ಮತ್ತು ಸಿಗರೇಟಿಗೆ ಹೋದದ್ದು ಶೇಕಡ ಒಂದಕ್ಕಿಂತ ಕಡಿಮೆ. ಉಳಿದದ್ದು ಊಟ, ಸಾಮಾನು, ಕರೆಂಟು, ಕಾರಿನ ರಿಪೇರಿ. ಪೂರ್ಣಾವಧಿ ಕೆಲಸದಲ್ಲಿದ್ದವರು ಮೊದಲ ವರ್ಷದಲ್ಲಿ ಶೇಕಡ 28ರಿಂದ 40ಕ್ಕೆ ಏರಿದರು, ಹಣ ಸಿಗದ ಗುಂಪಿನಲ್ಲಿ 32ರಿಂದ 37ಕ್ಕೆ.

ಎಲ್ಲ ಅಧ್ಯಯನವೂ ಹೀಗೇ ಸಿಹಿ ಹಂಚಿಲ್ಲ ಎಂದು ನನಗೂ ಗೊತ್ತು. 2024ರಲ್ಲಿ ಬಂದ ದೊಡ್ಡದೊಂದು ಪ್ರಯೋಗದ ವರದಿಯಲ್ಲಿ, ಟೆಕ್ಸಸ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ ಮೂರು ವರ್ಷ ಸಾವಿರ ಡಾಲರ್ ಪಡೆದವರು ವಾರಕ್ಕೆ ಒಂದು ಗಂಟೆ ಚಿಲ್ಲರೆ ಕಡಿಮೆ ಕೆಲಸ ಮಾಡಿದರು. ತಾಯಂದಿರಿಗೆ ತಿಂಗಳಿಗೆ 333 ಡಾಲರ್ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ವರ್ಷವಾದ ಮೇಲೆ ಮಕ್ಕಳ ಮಾತು ಬುದ್ಧಿಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಹಿತ್ತಲಿನವರ ಕೈಗೆ ಇದು ಸಿಕ್ಕಿದರೆ ಹಬ್ಬ. ಸಿಗಲಿ. ಆದರೆ ನನ್ನ ಅಮ್ಮನ ಅಂಟಿನುಂಡೆಯಿಂದ ನನ್ನ ಮಗನ ಬುದ್ಧಿ ಎಷ್ಟು ಅಂಕ ಏರಿತು ಎಂದು ಯಾರಾದರೂ ಅಳೆದರೆ? ಏರದಿದ್ದರೆ ಅಮ್ಮನನ್ನು ಮುಂದಿನ ವಿಮಾನಕ್ಕೆ ಹತ್ತಿಸುತ್ತಿದ್ದೆವೆ? ನಮ್ಮವರಿಗೆ ಕೊಡುವಾಗ ಹಸಿವು ಸಾಕು ಕಾರಣ. ಬೇರೆಯವರಿಗೆ ಕೊಡುವಾಗ ಮಾತ್ರ ಹಾರ್ವರ್ಡ್‌ನ ಪುರಾವೆ ಬೇಕು. ಆ ವಾರದ ಒಂದು ಗಂಟೆಯಲ್ಲಿ ಯಾವ ತಾಯಿ ಮಗುವಿನ ಪಕ್ಕ ಮಲಗಿದ್ದಳೋ, ಅದನ್ನು ನಷ್ಟದ ಕಾಲಮ್ಮಿಗೆ ಬರೆದವರ ತಲೆಗೆ ಏನು ಹೇಳುವುದು.

ಪುರಾವೆಯ ಈ ಚಟ ಸರ್ಕಾರಕ್ಕೂ ಅಂಟಿದೆ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಆರಿಸಿದ್ದು ಏಳು ಪೈಲಟ್ ಯೋಜನೆ. ಒಟ್ಟು ಸುಮಾರು ಎರಡು ಸಾವಿರ ಜನ, ತಿಂಗಳಿಗೆ 600ರಿಂದ 1,200 ಡಾಲರ್, ಒಂದರಿಂದ ಒಂದೂವರೆ ವರ್ಷ. ಆಮೇಲೆ ವರದಿ. ವರದಿಯ ಮೇಲೆ ಸಮ್ಮೇಳನ, ಸಮ್ಮೇಳನದಿಂದ ಇನ್ನೊಂದು ಪೈಲಟ್. ನಾಲ್ಕು ಕೋಟಿ ಜನರ ರಾಜ್ಯದಲ್ಲಿ ಹೀಗೆ ಚಮಚದಲ್ಲಿ ಹಂಚಿ ರುಚಿ ನೋಡುತ್ತಾ ಕೂರುವುದನ್ನು ಎಚ್ಚರಿಕೆ ಎಂದು ಕರೆದುಕೊಳ್ಳುತ್ತಾರೆ. ನಾನು ಅದನ್ನು ಸೋಮಾರಿತನ ಎನ್ನುತ್ತೇನೆ. ಹೆರಿಗೆ ನೋವು ಬಂದವಳ ಮುಂದೆ, ಮೊದಲು ನಾಲ್ಕು ಜನರಿಗೆ ಬಾಣಂತನ ಮಾಡಿ ಫಲಿತಾಂಶ ನೋಡೋಣ ಎಂದ ತಾಯಿ ಅರಸೀಕೆರೆಯಲ್ಲಂತೂ ಇಲ್ಲ. ನಲ್ಲಿ ನೀರಿನಲ್ಲಿ ಸೀಸ ಕುಡಿದ ಮಿಶಿಗನ್ನಿನ ಬಡ ಊರು ಫ್ಲಿಂಟ್‌ನಲ್ಲಿ 2024ರ ಜನವರಿಯಿಂದ ಪ್ರತಿಯೊಬ್ಬ ಬಸುರಿಗೂ 1,500 ಡಾಲರ್, ಮಗು ಹುಟ್ಟಿದ ಮೇಲೆ ವರ್ಷವಿಡೀ ತಿಂಗಳಿಗೆ 500 ಕೊಡುತ್ತಿದ್ದಾರೆ. ಆದಾಯದ ಕಾಗದ ಕೇಳುವುದಿಲ್ಲ. ಅದರ ಹಿಂದೆ ಇರುವವರು ಆ ನೀರಿನ ವಿಷವನ್ನು ಬಯಲಿಗೆಳೆದ ಮಕ್ಕಳ ವೈದ್ಯೆ ಮೋನಾ ಹಾನಾ. ಫ್ಲಿಂಟ್‌ಗೆ ಆದದ್ದು ಸಿಲಿಕಾನ್ ಕಣಿವೆಗೆ ಆಗುವುದಿಲ್ಲವಂತೆ, ಹಣ ಇಲ್ಲವಂತೆ.

ಊರಲ್ಲಾದರೆ ಚೆನ್ನಾಗಿದೆ ಎಂದುಕೊಂಡು ಯಾರೂ ಕಾಲು ಚಾಚುವುದು ಬೇಡ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯ ಮೇಲೆ ಬಂದ ನಗೆಚಾಟಿಕೆಯ ವಾಟ್ಸಾಪ್ ಈ ಸನಿವೇಲ್‌ನಿಂದಲೇ ಎಷ್ಟು ಹೊರಟಿತು ಎಂದು ನನ್ನ ಫೋನಿಗೆ ಗೊತ್ತು. ಭಾರತದ ಆಹಾರ ಭದ್ರತಾ ಕಾಯ್ದೆ 2013ರಲ್ಲೇ ಬಸುರಿಗೆ ಕನಿಷ್ಠ ಆರು ಸಾವಿರ ಎಂದಿತು. ಮಾತೃವಂದನಾ ಯೋಜನೆ 2017ರಲ್ಲಿ ಬಂದಾಗ ಅದು ಐದು ಸಾವಿರವಾಯಿತು, ಮೊದಲ ಮಗುವಿಗೆ ಮಾತ್ರ, ಕಂತಿನಲ್ಲಿ. ಉಳಿದ ಸಾವಿರ ಆಸ್ಪತ್ರೆ ಹೆರಿಗೆಯ ಬೇರೆ ಯೋಜನೆಯಿಂದ ಬಂದೀತು ಎಂಬ ಲೆಕ್ಕ. ಎರಡನೆಯದು ಹೆಣ್ಣಾದರೆ ಕೊಡುತ್ತೇವೆ ಎಂದು ಆಮೇಲೆ ಸೇರಿಸಿದರು. ಐದು ಸಾವಿರವನ್ನು ಒಂಬತ್ತು ತಿಂಗಳಿಗೆ ಭಾಗಿಸಿದರೆ ದಿನಕ್ಕೆ ಹದಿನೆಂಟು ರೂಪಾಯಿ ಚಿಲ್ಲರೆ, ದರ್ಶಿನಿಯ ಒಂದು ಕಾಫಿಗೆ ಸರಿ. ಬಾಲಮಂದಿರದಿಂದ ಹದಿನೆಂಟಕ್ಕೆ ಹೊರಬೀಳುವ ಹುಡುಗನಿಗೆ ಇನ್ನೊಂದು ಕಾಯ್ದೆ ಇಪ್ಪತ್ತೊಂದರವರೆಗೆ ಆಸರೆ ಎನ್ನುತ್ತದೆ, ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ ನಾಲ್ಕು ಸಾವಿರ. ಬೆಂಗಳೂರಿನಲ್ಲಿ ಪಿಜಿಯ ಒಂದು ಹಾಸಿಗೆಗೆ ಅದು ಸಾಲದು.

ಗಾದೆ ಹೇಳಿದವರಿಗೆ ಒಂದು ಮಾತು. ನಿಮ್ಮ ಕೈ ಯಾವತ್ತು ಕೆಸರಾಯಿತು? ನನ್ನದಂತೂ ಆಗಿಲ್ಲ. ಕೆಸರಾದದ್ದು ಅರಸೀಕೆರೆಯ ತೋಟದಲ್ಲಿ ತಾತನ ಕೈ, ಆಮೇಲೆ ಗುಮಾಸ್ತಗಿರಿಯಲ್ಲಿ ಮಸಿ ಮೆತ್ತಿದ್ದು ಅಪ್ಪನ ಕೈ. ಮೊಸರು ಬಿದ್ದದ್ದು ನನ್ನ ಬಾಯಿಗೆ. ನಾವು ಕಷ್ಟಪಟ್ಟು ಮೇಲೆ ಬಂದೆವು ಎಂದು ವೇದಿಕೆಗಳಲ್ಲಿ ಹೇಳಿ ಹೇಳಿ ಅದನ್ನೇ ನಂಬಿಬಿಟ್ಟಿದ್ದೇವೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವರ್ಷದ ಫೀಸು ಎಷ್ಟಿತ್ತು, ಅದರ ಉಳಿದ ಖರ್ಚನ್ನು ಯಾವ ರೈತನ ಯಾವ ತೆರಿಗೆ ಭರಿಸಿತು ಎಂದು ಒಮ್ಮೆ ಕೇಳಿಕೊಳ್ಳಿ, ವೈನ್ ಪಕ್ಕಕ್ಕಿಟ್ಟು.

ಗ್ರೀನ್ ಕಾರ್ಡ್ ಬಂದಿಲ್ಲ, ಓಟಿಲ್ಲ, ನಾವೇನು ಮಾಡೋಣ ಎಂಬುದು ಕೊನೆಯ ತಡಿಕೆ. ಸ್ಯಾನ್ ಹೋಸೆಯ ವೆಸ್ಟ್ ಹೆಡಿಂಗ್ ಸ್ಟ್ರೀಟ್‌ನ 70ನೇ ನಂಬರಿನಲ್ಲಿ ಕೌಂಟಿಯ ಮಂಡಳಿ ಸಭೆ ಸೇರುತ್ತದೆ. ಸಾರ್ವಜನಿಕರು ಎದ್ದು ಮಾತಾಡಬಹುದು. ಪೌರತ್ವ ಕೇಳುವುದಿಲ್ಲ. ಒಂದೆರಡು ನಿಮಿಷ ಕೊಡುತ್ತಾರೆ, ಅಷ್ಟರಲ್ಲಿ ನಮ್ಮವರು ಒಂದು ಗಾದೆಯನ್ನಾದರೂ ಮುಗಿಸಬಹುದು. ಈ ಲೇಖನ ಬರೆಯುವ ಮೊದಲು ಆವತ್ತು ಬಿಟ್ಟಿ ಭಾಗ್ಯ ಎಂದವರಿಗೇ ಫೋನ್ ಮಾಡಿದೆ. ಬರುವ ಮಂಗಳವಾರ ಸಭೆ ಇದೆ, ನೀವು ಬೇಡ ಅಂತಾದರೂ ಬಂದು ಹೇಳಿ, ನಾನು ಬೇಕು ಎನ್ನುತ್ತೇನೆ ಎಂದೆ.

“ಮಂಗಳವಾರ ಆಗಲ್ಲಮ್ಮ,” ಎಂದರು. “ನಮ್ಮನೆಯವಳನ್ನ ಏರ್‌ಪೋರ್ಟಿಗೆ ಬಿಡಬೇಕು. ಸಿಯಾಟಲ್‌ನಲ್ಲಿ ಮಗಳಿಗೆ ಎಂಟು ತುಂಬ್ತು.”

“ಎಷ್ಟು ದಿನಕ್ಕೆ ಹೋಗ್ತಿದ್ದಾರೆ?”

“ಒಂದು ಆರೇಳು ತಿಂಗಳು ಇದ್ದು ಬರ್ಲಿ ಅಂತ. ಪಾಪ, ಅವಳೊಬ್ಬಳೇ ಹೇಗೆ ಮಾಡ್ಕೋತಾಳೆ?”